ಹಳೇ ಜೆನ್: ಹಿಡಿದ ಎಡ ಬ್ರೇಕ್ ಬಿಡಿಸಲು ಮೂರು ಭಾನುವಾರ

ಮೊದಲ ಭಾನುವಾರ

ನಮ್ಮದು 1998ರ ಮಾರುತಿ ಜೆನ್. ಅಪ್ಪ ಕೊಂಡ ಗಾಡಿ, ಈಗ ನನ್ನ ಕೈಯಲ್ಲಿದೆ. ಉಡುಪಿಯ ಮಳೆಗಾಲದಲ್ಲಿ ಎರಡು ತಿಂಗಳು ಶೆಡ್ಡಲ್ಲೇ ನಿಂತಿತ್ತು. ಹೊರಗೆ ತೆಗೆದ ದಿನವೇ ಮಣಿಪಾಲದ ಏರಿನಲ್ಲಿ ಒದ್ದಾಡಿತು. ವಾಪಸ್ ಬರುವಾಗ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೂ ಗಾಡಿ ಉರುಳಲಿಲ್ಲ. ಮನೆಗೆ ಬಂದು ಇಳಿದರೆ ಮುಂದಿನ ಎಡ ಚಕ್ರದಿಂದ ಸುಟ್ಟ ವಾಸನೆ.

ಜಾಕಿ ಕೊಟ್ಟು, ಕೆಳಗೆ ಸ್ಟ್ಯಾಂಡ್ ಇಟ್ಟು ಚಕ್ರ ತಿರುಗಿಸಿದೆ. ಬಲಗಡೆಯದು ಒಂದೇ ಕೈಗೆ ತಿರುಗಿತು. ಎಡಗಡೆಯದಕ್ಕೆ ಎರಡೂ ಕೈ ಬೇಕಾಯಿತು.

ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಕಡೆಯಿಂದ ಪ್ಯಾಡ್ ಒತ್ತಿ ಹಿಡಿಯುವ ಭಾಗ) ಬಿಚ್ಚಿದಾಗ ಕೆಳಗಿನ ಪಿನ್ ಅಂಟಿಕೊಂಡಿತ್ತು. ಗ್ರೀಸ್ ಒಣಗಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಕ್ಯಾಲಿಪರ್ ಅತ್ತಿತ್ತ ಸರಿಯುವುದೇ ಈ ಪಿನ್‌ಗಳ ಮೇಲೆ. ಅದು ಸರಿಯದಿದ್ದರೆ ಪ್ಯಾಡ್ ಡಿಸ್ಕ್ ಬಿಡುವುದಿಲ್ಲ. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಜಾಸ್ತಿ ಸವೆದಿತ್ತು. ಪಿನ್ ಉಜ್ಜಿ, ಸಿಲಿಕಾನ್ ಗ್ರೀಸ್ ಹಚ್ಚಿ ಕೂರಿಸಿದೆ. ಮಾಮೂಲಿ ಗ್ರೀಸ್ ಇಲ್ಲಿ ಬೇಡವೇ ಬೇಡ, ಅದಕ್ಕೆ ರಬ್ಬರ್ ಉಬ್ಬುತ್ತದೆ.

ಚಕ್ರ ಚೆನ್ನಾಗಿ ತಿರುಗಿತು. ಮುಗಿಯಿತು ಅಂದುಕೊಂಡೆ. ಬುಧವಾರ ಮತ್ತೆ ಅದೇ ವಾಸನೆ.

ಎರಡನೇ ಭಾನುವಾರ

ಈ ಸಲ ಏನನ್ನೂ ಬಿಚ್ಚುವ ಮೊದಲು ಪರೀಕ್ಷೆ. ಇದನ್ನು ಮೊದಲೇ ಮಾಡಬೇಕಿತ್ತು.

ಒಂದು ಸುತ್ತು ಓಡಿಸಿ, ಚಕ್ರ ಹಿಡಿದುಕೊಂಡಿರುವಾಗಲೇ ಎತ್ತಿದೆ. ಬಿಸಿ ಆರಲು ಬಿಟ್ಟು, ಮಗಳ ಹತ್ತಿರ ಪೆಡಲ್ ಒತ್ತಿಸಿ ಬಿಡಿಸಿದೆ. ಚಕ್ರ ಬಿಗಿಯಾಗೇ ಇತ್ತು. ಕ್ಯಾಲಿಪರ್‌ನ ನಿಪ್ಪಲ್ (ಬ್ರೇಕ್ ಆಯಿಲ್ ಹೊರಬಿಡುವ ಸ್ಕ್ರೂ) ಕಾಲು ಸುತ್ತು ಸಡಿಲಿಸಿದೆ. ಕಪ್ಪು ಆಯಿಲ್ ಚಿರ್ ಅಂತ ಚಿಮ್ಮಿತು, ಚಕ್ರ ತಕ್ಷಣ ಬಿಟ್ಟುಕೊಂಡಿತು. ಅಂದರೆ ಪೆಡಲ್ ಬಿಟ್ಟ ಮೇಲೂ ಒಳಗೆ ಪ್ರೆಶರ್ ಉಳಿದಿತ್ತು. ಪಿನ್ ಅಥವಾ ಪ್ಯಾಡನ್ನು ತಳ್ಳುವ ಪಿಸ್ಟನ್ ಮಾತ್ರ ಹಿಡಿದಿದ್ದರೆ ನಿಪ್ಪಲ್ ತೆಗೆದರೂ ಚಕ್ರ ಬಿಡುತ್ತಿರಲಿಲ್ಲ.

ಮತ್ತೆ ಪೆಡಲ್ ಒತ್ತಿಸಿದೆ. ಈ ಸಲ ಕ್ಯಾಲಿಪರ್‌ಗೆ ಆಯಿಲ್ ತರುವ ರಬ್ಬರ್ ಹೋಸ್‌ಗಿಂತ ಹಿಂದೆ, ಕಬ್ಬಿಣದ ಪೈಪ್ ಸೇರುವ ಕಡೆ ನಟ್ ಸಡಿಲಿಸಿದೆ. ಒಂದೆರಡು ಹನಿ ಬಂತು, ಚಕ್ರ ಮಾತ್ರ ಬಿಡಲಿಲ್ಲ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕೆಟ್ಟಿದ್ದರೆ ಇಲ್ಲೇ ಬಿಡಬೇಕಿತ್ತು, ಅಲ್ವಾ? ಹಾಗಾಗಿ ದೋಷ ಇರುವುದು ಹೋಸ್‌ನಲ್ಲೇ. ಕಾಲಿನ ಬಲಕ್ಕೆ ಆಯಿಲ್ ಮುಂದೆ ಹೋಗುತ್ತದೆ, ವಾಪಸ್ ಬರಲು ದಾರಿ ಇಲ್ಲ. ಹೊರಗಿನಿಂದ ನೋಡಿದರೆ ಅದರಲ್ಲಿ ಒಂದು ಬಿರುಕೂ ಇರಲಿಲ್ಲ!

ಮೂರನೇ ಭಾನುವಾರ

ಹೊಸ ಹೋಸ್, ಸೀಲ್ ಕಿಟ್, ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ತಂದೆ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸದರಲ್ಲಿ ಕುದಿಯುವ ಮಟ್ಟ ಕನಿಷ್ಠ 205 ಡಿಗ್ರಿ, ನೀರು ಸೇರಿದ ಮೇಲೆ 140ರವರೆಗೂ ಇಳಿಯಬಹುದು. ಕರಾವಳಿಯವರು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ನಾನು ಬದಲಿಸಿರಲಿಲ್ಲ.

ಹಳೇ ಹೋಸ್ ಬಿಚ್ಚುವ ಮೊದಲು, ಎದುರಿಗೆ ಮರದ ತುಂಡು ಇಟ್ಟು ಪೆಡಲ್ ಒತ್ತಿಸಿ ಪಿಸ್ಟನ್ ಹೊರಗೆ ತಂದೆ. ಡಸ್ಟ್ ಕವರ್ ಅಡಿಯಲ್ಲಿ ತುಕ್ಕಿನ ಒಂದು ಬಳೆ. ಸೀಲ್ ಓಡಾಡುವ ಜಾಗ ನುಣುಪಾಗೇ ಇದ್ದದ್ದರಿಂದ ಪಿಸ್ಟನ್ ಉಳಿಯಿತು. ಒಳಗಿನ ಚೌಕದ ಸೀಲ್ ಬದಲಿಸಿದೆ. ಪೆಡಲ್ ಬಿಟ್ಟಾಗ ಪಿಸ್ಟನ್ ಹಿಂದಕ್ಕೆ ಎಳೆಯುವುದು ಈ ಸೀಲೇ, ಬೇರೆ ಸ್ಪ್ರಿಂಗ್ ಇಲ್ಲ.

ಹಳೇ ಹೋಸನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಪದರ ಒಂದು ಕಡೆ ಎದ್ದು ನಾಲಿಗೆಯ ಹಾಗೆ ನಿಂತಿತ್ತು. ಒಂದು ದಿಕ್ಕಿಗೆ ಬೆರಳಾಡಿಸಿದರೆ ಮಲಗುತ್ತದೆ, ಇನ್ನೊಂದು ದಿಕ್ಕಿಗೆ ಎದ್ದು ದಾರಿ ಮುಚ್ಚುತ್ತದೆ. ಮಗಳೂ ನಾಲ್ಕು ಸಲ ಬೆರಳಾಡಿಸಿ ನೋಡಿದಳು.

ಆಯಿಲ್ ಪೈಪ್‌ನೊಳಗೆ ಸೇರಿದ ಏರ್ ತೆಗೆಯುವಾಗ ಅವಳೇ ಪೆಡಲ್ ಮೇಲೆ. "ಒತ್ತಿದೆ ಅಪ್ಪ", "ಬಿಡಲಾ?" ಅಂತ ಅರ್ಧ ಗಂಟೆ. ಗುಳ್ಳೆ ನಿಂತ ಮೇಲೆ ನಿಪ್ಪಲ್ ಬಿಗಿ ಮಾಡಿದೆ. ಬಂಪರ್ ಮೇಲೆ ಬಿದ್ದ ಹನಿಗಳಿಗೆ ಕೂಡಲೇ ನೀರು ಹಾಕಿದೆ, ಇಲ್ಲದಿದ್ದರೆ ಪೇಂಟ್ ಏಳುತ್ತದೆ.

ಸಂಜೆ ಮಲ್ಪೆಗೆ ಹೋಗಿ ಬಂದೆವು. ಎರಡೂ ರಿಮ್ ಮೇಲೆ ಕೈ ಇಟ್ಟು ನೋಡಿದೆ, ಒಂದೇ ಥರ ಬೆಚ್ಚಗಿದ್ದವು. ಬಲಗಡೆಯ ಹೋಸೂ ಅಷ್ಟೇ ಹಳೆಯದು. ಅದಕ್ಕೂ ಹೊಸದು ಹೇಳಿಟ್ಟು ಬಂದಿದ್ದೇನೆ, ಬಂದ ಭಾನುವಾರವೇ ಹಾಕುತ್ತೇನೆ.