ಇಕ್ಕೇರಿಗೆ ಬಂದ ಇಟಲಿಯ ಹುಡುಗಿ

ಅಕ್ಕನ ಮನೆಗೆ ಈ ವರ್ಷ ಇಟಲಿಯಿಂದ ಒಬ್ಬ ಹುಡುಗಿ ಬಂದಿದ್ದಾಳೆ. ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಲ್ಲಿ ಬಂದವಳು, ವಯಸ್ಸು ಹದಿನೇಳು. ಶಿವಮೊಗ್ಗದಲ್ಲಿ ಅಕ್ಕನ ಮಗಳ ಜೊತೆ ಒಂದೇ ಕೋಣೆಯಲ್ಲಿ ಇರುತ್ತಾಳೆ, ಒಂದೇ ಕಾಲೇಜಿಗೆ ಹೋಗುತ್ತಾಳೆ, ಅಕ್ಕನನ್ನು ಅಮ್ಮ ಅಂತಲೇ ಕರೆಯುತ್ತಾಳೆ. ನಾನು ಅವಳಿಗೆ ಚಿಕ್ಕಮ್ಮ. ಭೂಮಿ ಹುಣ್ಣಿಮೆ ಹತ್ತಿರ ಬಂದಾಗ ಇಬ್ಬರು ಹುಡುಗಿಯರನ್ನೂ ಕರೆದುಕೊಂಡು ಸಾಗರದ ಕಡೆ ಹೊರಟೆ. ಇಟಲಿಯವಳಿಗೆ ಕೆಳದಿ ನಾಯಕರ ಹಳೇ ರಾಜಧಾನಿ ಇಕ್ಕೇರಿ ತೋರಿಸಲೇಬೇಕು ಅಂತ ನನಗೆ ಆಸೆ. ಅದಕ್ಕೊಂದು ಕಾರಣ ಇದೆ, ಮುಂದೆ ಹೇಳುತ್ತೇನೆ.

ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿಲೋಮೀಟರ್. ಆಯನೂರು, ಕುಂಸಿ ದಾಟಿದ ಮೇಲೆ ರಸ್ತೆ ಪಕ್ಕದ ಕಾಡು ದಟ್ಟವಾಗುತ್ತದೆ. ಗದ್ದೆಗಳಲ್ಲಿ ಭತ್ತ ಹೊಡೆ ಕಟ್ಟಿತ್ತು. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿಯೊಬ್ಬರು ಅವಳನ್ನು ಸ್ವಲ್ಪ ಹೊತ್ತು ನೋಡಿ, "ಯಾವೂರು ತಂಗಿ?" ಅಂತ ಕೇಳಿದರು. ಅವಳು ತಡವರಿಸದೆ "ಶಿವಮೊಗ್ಗ" ಅಂದಳು. ಅಜ್ಜಿ ಮರುಮಾತಿಲ್ಲದೆ ಒಪ್ಪಿಕೊಂಡು, ಮಡಿಲಲ್ಲಿದ್ದ ಬಾಳೆಹಣ್ಣು ಕೊಟ್ಟರು.

ಸಾಗರದಿಂದ ಆಟೋ ಹಿಡಿದು ಮೊದಲು ಹೋಗಿದ್ದು ಪರಿಚಯದ ದೀವರ ಸಮುದಾಯದ ಮನೆಯೊಂದಕ್ಕೆ. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಬರೆಯುವ ಕಾಲ ಅದು. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿರುತ್ತಾರೆ. ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚ ಅಂದರೆ ಪುಂಡಿ ನಾರು, ಅಷ್ಟೇ. ತುದಿ ಜಜ್ಜಿದ ಆ ನಾರನ್ನು ಹಿಟ್ಟಿನಲ್ಲಿ ಅದ್ದಿ, ಮನೆಯ ಅಮ್ಮ ಒಂದೇ ಉಸಿರಲ್ಲಿ ಗೆರೆ ಎಳೆಯುತ್ತಿದ್ದರು. ಸ್ಕೇಲು ಇಲ್ಲ, ಪೆನ್ಸಿಲ್ ಗುರುತೂ ಇಲ್ಲ. ಗೆರೆ ಪಕ್ಕ ಗೆರೆ, ಎಲ್ಲೂ ಒಂದಕ್ಕೊಂದು ತಾಗಿರಲಿಲ್ಲ.

ಹುಡುಗಿಯ ಕೈಗೂ ನಾರು ಕೊಟ್ಟರು. ಅವಳ ಗೆರೆ ನಡುಗಿತು. "ಮೊಣಕೈ ಊರ್ಕ ಮಗಾ, ಗೆರೆ ಎಳಿವಾಗ ಉಸ್ರು ಬಿಡಬ್ಯಾಡ" ಅಂದರು ಅಮ್ಮ. ಸ್ವಲ್ಪ ಹೊತ್ತಿಗೆ ಬುಟ್ಟಿಯ ತಳದಲ್ಲಿ ಒಂದು ಸಣ್ಣ ಸಾಲು ಅವಳದ್ದೂ ಆಯಿತು. ಅದನ್ನು ಒರೆಸದೆ ಹಾಗೇ ಉಳಿಸಿಕೊಂಡರು. ಹಬ್ಬದ ದಿನ ಬೆಳಕು ಹರಿಯುವ ಮುಂಚೆ ಅದೇ ಬುಟ್ಟಿಯಲ್ಲಿ ಹಚ್ಚಂಬಲಿ, ಕಡುಬು ಹೊತ್ತುಕೊಂಡು ಗದ್ದೆಗೆ ಹೋಗುತ್ತಾರೆ. ಬಸುರಿ ಭೂಮಿಗೆ ಬಯಕೆ ಊಟ ಅದು.

ಅಮ್ಮನನ್ನು ಕೇಳಿಯೇ ಅವಳು ಒಂದು ಚಿಕ್ಕ ವಿಡಿಯೊ ಮಾಡಿದಳು. "ಯಾರು ನೋಡ್ತಾರೆ ಇದನ್ನ?" ಅಂತ ಅವರು ಕೇಳಿದರು. "ನಮ್ಮಜ್ಜಿ" ಅಂದಳು. ನಾವು ಚಹಾ ಕುಡಿಯುವಷ್ಟರಲ್ಲಿ ಇಟಲಿಯ ಅಜ್ಜಿಯ ವಾಯ್ಸ್ ಮೆಸೇಜ್ ಬಂತು. ಆ ನಾರು ಯಾವ ಗಿಡದ್ದು, ಬಣ್ಣ ಎಷ್ಟು ವರ್ಷ ಉಳಿಯುತ್ತದೆ ಅಂತ ಅವರ ಪ್ರಶ್ನೆ. ಬುಟ್ಟಿ ಬರೆಯುತ್ತಿದ್ದ ಆ ಮನೆಯ ಅಮ್ಮ ಫೋನು ಬಾಯಿ ಹತ್ತಿರ ಹಿಡಿದು ಕನ್ನಡದಲ್ಲೇ ಉತ್ತರ ಕೊಟ್ಟರು. ಮಳೆ ನೀರು ತಾಗದಿದ್ದರೆ ಉಳಿಯುತ್ತದೆ, ಆದರೂ ವರ್ಷವರ್ಷ ಹೊಸದಾಗಿ ಬರೆಯುವುದೇ ಪದ್ಧತಿ ಅಂತ. ಕೊನೆಗೆ "ನೀವು ಯಾವ ಹಬ್ಬಕ್ಕೆ ಏನು ಬರೀತೀರಿ?" ಅಂತ ತಿರುಗಿ ಕೇಳಿದರು. ಈ ತಿರುಗಿ ಕೇಳುವುದು ನನಗೆ ತುಂಬಾ ಇಷ್ಟವಾಯಿತು.

ದೇಶ ದೇಶಗಳ ನಡುವಿನ ಮಾತಿನಲ್ಲೂ ಹೀಗೆ ತಿರುಗಿ ಕೇಳುವುದು ಇರಬೇಕು ಅನ್ನಿಸಿತು. ಒಂದು ಸರ್ಕಾರ ಇನ್ನೊಂದು ಸರ್ಕಾರದ ಜೊತೆ ಮಾತಾಡುವುದು ರಾಜತಾಂತ್ರಿಕತೆ. ಆ ದೇಶದ ಜನರ ಜೊತೆಗೇ ನೇರವಾಗಿ ಮಾತಾಡಲು ಹೊರಟರೆ ಅದು ಸಾರ್ವಜನಿಕ ರಾಜತಾಂತ್ರಿಕತೆ. ನಮ್ಮಲ್ಲಿ ಇದು ಹೊಸದಲ್ಲ. ಮೌಲಾನಾ ಆಜಾದರು 1950ರಲ್ಲಿ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು, ಅಂದರೆ ಐಸಿಸಿಆರ್, ಶುರು ಮಾಡಿದರು. ಇವತ್ತಿಗೂ ಎಷ್ಟೋ ದೇಶಗಳ ವಿದ್ಯಾರ್ಥಿಗಳು ಅದರ ವಿದ್ಯಾರ್ಥಿವೇತನದಲ್ಲಿ ಇಲ್ಲಿ ಓದುತ್ತಾರೆ. ಓದು, ಸಂಶೋಧನೆಗೆ ಜನರನ್ನು ವಿನಿಮಯ ಮಾಡಿಕೊಳ್ಳುವ ಅಮೆರಿಕದ ಫುಲ್‌ಬ್ರೈಟ್ ವಿದ್ಯಾರ್ಥಿವೇತನ 1946ರದ್ದು, ಭಾರತದ ಜೊತೆ ಅದರ ಒಪ್ಪಂದ ಆಗಿದ್ದು 1950ರಲ್ಲಿ. 2008ರಲ್ಲಿ ಎರಡೂ ಸರ್ಕಾರಗಳು ಸಮನಾಗಿ ಹಣ ಹಾಕುವುದೆಂದು ಆದ ಮೇಲೆ ಅದರ ಹೆಸರಿಗೆ ನೆಹರೂ ಹೆಸರೂ ಸೇರಿತು. ನಮ್ಮ ವಿದೇಶಾಂಗ ಸಚಿವಾಲಯ 2010ರಲ್ಲೇ ಟ್ವಿಟರ್‌ಗೆ ಬಂತು. ಈಗ ಹೆಚ್ಚುಕಡಿಮೆ ಎಲ್ಲ ರಾಯಭಾರ ಕಚೇರಿಗೂ ಇನ್‌ಸ್ಟಾಗ್ರಾಂ ಇದೆ. ಆದರೆ ಅಲ್ಲಿ ಬರುವುದರಲ್ಲಿ ಜಾಸ್ತಿ ಪಾಲು ಕೈಕುಲುಕುವ ಫೋಟೊ, ಶುಭಾಶಯ, ಡ್ರೋನಿನಲ್ಲಿ ತೆಗೆದ ಬೆಟ್ಟ. ಆ ಅಜ್ಜಿ ಕೇಳಿದಂಥ ಪ್ರಶ್ನೆ ಅದರಿಂದ ಹುಟ್ಟುವುದಿಲ್ಲ. ಮೊಮ್ಮಗಳು ಆ ಮನೆಯ ಜಗುಲಿ ಮೇಲೆ ಕೂತಿದ್ದಳು, ಅದಕ್ಕೇ ಅಜ್ಜಿ ಕೇಳಿದರು.

ಮಧ್ಯಾಹ್ನ ಇಕ್ಕೇರಿಗೆ ಬಂದೆವು. ಅಘೋರೇಶ್ವರ ದೇವಸ್ಥಾನ ಉತ್ತರಕ್ಕೆ ಮುಖ ಮಾಡಿ ನಿಂತಿದೆ, ಎದುರಿಗೆ ನಂದಿ ಮಂಟಪ. ಒಳಗೆ ನೆಲದ ಮೇಲೆ ಅಡ್ಡಬಿದ್ದು ನಮಸ್ಕರಿಸುವ ಕೆಳದಿ ನಾಯಕರ ಕೆತ್ತನೆ ಇದೆ. ಮಂಟಪದ ಕಟ್ಟೆ ಮೇಲೆ ಕೂತು ಹುಡುಗಿಯರಿಗೆ ಆ ಕಾರಣ ಹೇಳಿದೆ.

1623ರಲ್ಲಿ ಗೋವಾದ ಪೋರ್ಚುಗೀಸರು ಇಕ್ಕೇರಿಯಿಂದ ಆಳುತ್ತಿದ್ದ ಕೆಳದಿಯ ವೆಂಕಟಪ್ಪ ನಾಯಕನ ಹತ್ತಿರ ಒಬ್ಬ ರಾಯಭಾರಿಯನ್ನು ಕಳಿಸಿದರು. ಮಾತುಕತೆಯಲ್ಲಿ ಕರಾವಳಿಯ ರಾಜಕೀಯದ ಜೊತೆ ಕಾಳುಮೆಣಸಿನ ವ್ಯಾಪಾರವೂ ಇತ್ತು. ಆ ತಂಡದ ಜೊತೆ ಸುಮ್ನೆ ಊರು ನೋಡಲು ಬಂದವನು ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ. ಹೊನ್ನಾವರ, ಗೇರುಸೊಪ್ಪೆ ಹಾದು ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಕಂಡಿದ್ದನ್ನೆಲ್ಲ ನೇಪಲ್ಸ್‌ನಲ್ಲಿದ್ದ ಗೆಳೆಯ, ವೈದ್ಯ ಮಾರಿಯೊ ಸ್ಕಿಪಾನೊಗೆ ಕಾಗದ ಬರೆದ. ದಾರಿಯಲ್ಲಿ ಒಂದು ದೇವಸ್ಥಾನದ ಜಗುಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದರಂತೆ. ನೆಲದ ಮೇಲೆ ಮರಳು ಹರಡಿ, ರಾಗವಾಗಿ ಹೇಳುತ್ತಾ ಬೆರಳಲ್ಲಿ ಬರೆಯುವುದು. ಮರಳು ತುಂಬಿತೋ, ಅಳಿಸಿ ಮತ್ತೆ ಬರೆಯುವುದು. ಮೇಷ್ಟ್ರಿಲ್ಲದೆ ತಪ್ಪು ತಿದ್ದುವವರು ಯಾರು ಅಂತ ಇವನು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲ, ಒಬ್ಬ ಮರೆತರೆ ಇನ್ನೊಬ್ಬ ತಿದ್ದುತ್ತಾನೆ ಅಂದರಂತೆ. ಇಕ್ಕೇರಿಯ ಬೀದಿಯಲ್ಲಿ ಹೆಣ್ಣುಮಕ್ಕಳು ಬಣ್ಣದ ಕೋಲು ಹಿಡಿದು ಹಾಡುತ್ತಾ ಕುಣಿದದ್ದನ್ನೂ ಬರೆದಿದ್ದಾನೆ. ನಮ್ಮ ಕೋಲಾಟವೇ ಅಲ್ವಾ ಅದು?

ಹುಡುಗಿ ಅಲ್ಲೇ ಫೋನಿನಲ್ಲಿ ಇಟಾಲಿಯನ್ ಮೂಲ ಹುಡುಕಿದಳು. ಹಳೇ ಕಾಲದ ಭಾಷೆ, ಆದರೂ ಓದಿಕೊಂಡಳು. ಓದುತ್ತಾ ನಮಗೂ ಅರ್ಥ ಹೇಳಿದಳು. ಮೆಣಸಿನ ಮಾತುಕತೆ ಏನಾಯಿತು ಅಂತ ಇವತ್ತು ಇತಿಹಾಸ ಓದುವವರು ಮಾತ್ರ ಕೇಳುತ್ತಾರೆ. ನಾಲ್ಕು ಹುಡುಗರ ಲೆಕ್ಕದ ಪಾಠ ಮಾತ್ರ ನಾಲ್ಕು ನೂರು ವರ್ಷ ದಾಟಿ ಬಂದಿದೆ. ರಾಯಭಾರಿಯ ಕೆಲಸ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಅವನು ಹೊರಟಿದ್ದರಿಂದಲೇ ಇವನಿಗೂ ದಾರಿ ಆಯಿತು. ಸರ್ಕಾರ ಮಾಡಬೇಕಾದ್ದೂ ಅದೇ. ದಾರಿ ಮಾಡಿಕೊಡಬೇಕು, ಆಮೇಲೆ ಗೆಳೆಯನಿಗೆ ಬರೆಯುವವನನ್ನು ಅವನ ಪಾಡಿಗೆ ಬಿಡಬೇಕು.

ಸಂಜೆ ಹೆಗ್ಗೋಡು. ಇಲ್ಲಿನ ರಂಗಸಂಸ್ಥೆ ನೀನಾಸಂ ಶುರುವಾದದ್ದು 1949ರಲ್ಲಿ, ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ. ಅಡಿಕೆ ತೋಟದ ಊರಿನ ಜನ ಶೇಕ್ಸ್‌ಪಿಯರನ್ನೂ ಬ್ರೆಕ್ಟನ್ನೂ ಕನ್ನಡದಲ್ಲಿ ನೋಡಿದ ಜಾಗ ಇದು. ಹೊರಗಿನದು ಇಲ್ಲಿಗೆ ಬರಲು ಯಾರೂ ಬೆಂಗಳೂರಿನ ಅಪ್ಪಣೆ ಕೇಳಲಿಲ್ಲ.

ಹತ್ತಿರದ ಹೋಟೆಲಿನಲ್ಲಿ ಕೆಲವು ಕಾಲೇಜು ಹುಡುಗ ಹುಡುಗಿಯರು ಸಿಕ್ಕಿದರು. ಒಬ್ಬಳು ಚಿತ್ತಾರದ ಫೋಟೊಗಳನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಾಳೆ, ಬೇರೆ ದೇಶದವರೂ ನೋಡಿ ಬರೆಯುತ್ತಾರಂತೆ. ಮಾತಿಗೆ ಮಾತು ಬಂದು, ಸರ್ಕಾರಗಳ ಖರ್ಚಿನಲ್ಲಿ ಹೊರಗೆ ಹೋಗಿ ಓದುವ ದಾರಿಗಳನ್ನು ಹೇಳಿದೆ. ಜರ್ಮನಿಯ ಡಾಡ್, ಬ್ರಿಟನ್ನಿನ ಚೀವನಿಂಗ್, ಕಾಮನ್‌ವೆಲ್ತ್. ಒಂದರ ಹೆಸರನ್ನೂ ಅವರು ಕೇಳಿರಲಿಲ್ಲ. ದಿನಕ್ಕೆ ಗಂಟೆಗಟ್ಟಲೆ ಫೋನು ನೋಡುವ ಮಕ್ಕಳು! ಸುದ್ದಿ ಇರುವುದು ಇಂಗ್ಲಿಷಿನಲ್ಲಿ, ಮಾಹಿತಿ ಸಭೆ ನಡೆಯುವುದು ದೊಡ್ಡ ನಗರದ ದೊಡ್ಡ ಕಾಲೇಜಿನಲ್ಲಿ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಇದೇ ಜಿಲ್ಲೆಯ ಮೇಳಿಗೆಯ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲೇ ಬರ್ಮಿಂಗ್‌ಹ್ಯಾಮಿಗೆ ಹೋಗಿ 1966ರಲ್ಲಿ ಪಿಎಚ್‌.ಡಿ. ಪಡೆದರು. ತಿಂಗಳಿಗೆ ಒಂದು ಕನ್ನಡ ಪೋಸ್ಟು ಹಾಕಿ, ಕೊನೆಯ ದಿನಾಂಕ, ಬೇಕಾದ ಅಂಕ, ಕೊಡಬೇಕಾದ ಕಾಗದಪತ್ರ ಇಷ್ಟು ತಿಳಿಸಲು ರಾಯಭಾರ ಕಚೇರಿಗಳಿಗೆ ದೊಡ್ಡ ಖರ್ಚೇನೂ ಇಲ್ಲ. ನಾನು ಅಲ್ಲೇ ಮಕ್ಕಳ ವಾಟ್ಸಾಪ್ ಗುಂಪಿಗೆ ಕೊಂಡಿಗಳನ್ನು ಕಳಿಸಿ, ಪಕ್ಕದಲ್ಲಿ ಎರಡೆರಡು ಸಾಲು ಕನ್ನಡದಲ್ಲಿ ಬರೆದೆ.

ವಾಪಸ್ ಬರುವಾಗ ಅಕ್ಕನ ಮಗಳು ಬಾಯಿಬಿಟ್ಟಳು. "ಚಿಕ್ಕಮ್ಮ, ನಾನೂ ಒಂದು ವರ್ಷ ಹೋಗಬಹುದಾ?" ಮನೆಗೆ ಬಂದು ಅಕ್ಕನಿಗೆ ಹೇಳಿದರೆ ಅವಳ ಮೊದಲ ಮಾತು, "ಪಿಯುಸಿ ನಡುವೆ ಒಂದು ವರ್ಷ ಹೋದರೆ ಸಿಇಟಿ ಕಥೆ ಏನು?" ಹೋಗುವ ಮನಸ್ಸಿದ್ದವರನ್ನು ಇಲ್ಲಿ ತಡೆಯುವುದು ಈ ಪ್ರಶ್ನೆಯೇ. ಇಟಲಿಯ ಹುಡುಗಿಗೆ ಈ ಕಷ್ಟವಿಲ್ಲ. ಹೊರಗೆ ಕಳೆದ ವರ್ಷವನ್ನು ಅವಳ ಶಾಲೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದು ಹೇಗೆ ಅಂತ ಅವಳೇ ಕೂತು ಅಕ್ಕನಿಗೆ ವಿವರಿಸಿದಳು. ಭಾವ ಕೇಳಿಸಿಕೊಂಡರು, ಇಲ್ಲ ಅನ್ನಲಿಲ್ಲ. ವರ್ಷ ಬಿಟ್ಟು ಬಂದರೆ ಮತ್ತೆ ಸೇರಿಸಿಕೊಳ್ಳುತ್ತಾರಾ ಅಂತ ಸೋಮವಾರ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರನ್ನು ವಿಚಾರಿಸುವುದು ಅಂತ ಮಾತಾಯಿತು.