ಮಾರುವ ಮೊದಲು ತೊಳೆದ ಪೆನ್ನು

ದಾವಣಗೆರೆಯ ಚೌಕಿಪೇಟೆಯ ಹತ್ತಿರ ಒಂದು ಸ್ಟೇಷನರಿ ಅಂಗಡಿಯಲ್ಲಿ ಹನ್ನೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನೋಟ್‌ಬುಕ್, ಲೆಡ್ಜರ್, ಡ್ರಾಯಿಂಗ್ ಹಾಳೆ ಎಲ್ಲವನ್ನೂ ಮಾರುತ್ತೇನಾದರೂ ನನಗೆ ಪ್ರಿಯವಾದದ್ದು ಇಂಕ್ ಪೆನ್ನುಗಳ ಕಪಾಟು. ಅರವತ್ತು ರೂಪಾಯಿಯಿಂದ ಇನ್ನೂರು ರೂಪಾಯಿಯವರೆಗಿನ ಪೆನ್ನುಗಳು ಅಲ್ಲಿರುತ್ತವೆ. ಅದಕ್ಕಿಂತ ಹೆಚ್ಚಿನ ಬೆಲೆಯವನ್ನು ನಮ್ಮಲ್ಲಿ ಕೇಳುವವರು ಕಡಿಮೆ. ಈ ಅಗ್ಗದ ಪೆನ್ನುಗಳ ಬಗ್ಗೆ ನಾನು ಕಲಿತದ್ದರಲ್ಲಿ ಮುಖ್ಯವಾದುದೆಲ್ಲ ಒಂದೇ ವಾರದಲ್ಲಿ ಕಲಿತದ್ದು.

ಮೂರು ವರ್ಷಗಳ ಹಿಂದೆ ಟ್ಯೂಷನ್ ನಡೆಸುವ ಮೇಡಂ ಒಬ್ಬರು ತಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಕೊಡಲೆಂದು ಎಪ್ಪತ್ತು ರೂಪಾಯಿಯ 48 ಇಂಕ್ ಪೆನ್ನುಗಳನ್ನು ಕೊಂಡರು. ಡಬ್ಬಿಯಿಂದ ತೆಗೆದು, ಎಣಿಸಿ, ಚೀಲಕ್ಕೆ ಹಾಕಿ ಕೊಟ್ಟೆ. ಹತ್ತು ದಿನ ಕಳೆಯುವಷ್ಟರಲ್ಲಿ 17 ಪೆನ್ನುಗಳು ಅದೇ ಚೀಲದಲ್ಲಿ ವಾಪಸ್ ಬಂದವು. ಕೆಲವು ಬರೆಯುವುದೇ ಇಲ್ಲ, ಕೆಲವು ಅರ್ಧ ಸಾಲಿಗೆ ನಿಲ್ಲುತ್ತವೆ, ಒಂದೆರಡು ಸೋರುತ್ತವೆ. ಮೇಡಂ ಜಗಳವಾಡಲಿಲ್ಲ. "ಮಕ್ಕಳು ಮತ್ತೆ ಬಾಲ್ ಪೆನ್ನಿಗೇ ಹೋಗಿದ್ದಾರೆ, ಬೇಸರ ಅದೊಂದೇ" ಎಂದರು. ಜಗಳವಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ನಮ್ಮ ಸಾಹುಕಾರರು ಡೀಲರ್‌ಗೆ ಫೋನ್ ಮಾಡಿದರು. ಇಂಕು ತುಂಬಿಸಿದ ಪೆನ್ನನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು. ಇಂಕು ತುಂಬಿಸದೆ ಇಂಕ್ ಪೆನ್ನು ಕೆಟ್ಟಿದೆ ಎಂದು ತಿಳಿಯುವುದಾದರೂ ಹೇಗೆ? ಸಾಹುಕಾರರು ಹಣ ಹಿಂತಿರುಗಿಸಲು ಒಪ್ಪಿದರು, ಆ 17 ಪೆನ್ನುಗಳನ್ನು ನಾನು ಕೇಳಿ ಪಡೆದೆ. ಪ್ರತಿ ರಾತ್ರಿ ಅಂಗಡಿಯ ಬಾಗಿಲು ಎಳೆದ ಮೇಲೆ ಅರ್ಧ ಗಂಟೆ ಅವುಗಳನ್ನು ಬಿಚ್ಚಿಕೊಂಡು ಕುಳಿತೆ.

ಮೊದಲ ಎರಡು ಪೆನ್ನುಗಳನ್ನು ನಾನೇ ಹಾಳು ಮಾಡಿದೆ. ಒಂದನ್ನು ಚಹಾದ ಫ್ಲಾಸ್ಕಿನ ಬಿಸಿನೀರಿನಲ್ಲಿ ಅದ್ದಿದೆ. ನಿಬ್ಬಿನ ಕೆಳಗಿರುವ ಕಪ್ಪು ನಾಲಿಗೆ ಸೊಟ್ಟಗಾಯಿತು. ಅದು ನಿಬ್ಬಿಗೆ ಅಂಟಿಕೊಂಡಿದ್ದರೆ ಮಾತ್ರ ಇಂಕು ಮುಂದೆ ಬರುತ್ತದೆ. ನಡುವೆ ಕಣ್ಣಿಗೆ ಕಾಣದಷ್ಟು ಸಂದು ಬಿಟ್ಟರೂ ಪೆನ್ನು ಮೂಕವಾಗುತ್ತದೆ. ಇನ್ನೊಂದನ್ನು ಸ್ಪಿರಿಟ್‌ನಿಂದ ತೊಳೆದೆ. ಪಾರದರ್ಶಕ ಪ್ಲಾಸ್ಟಿಕ್ಕಿನ ತುಂಬ ಜೇಡರ ಬಲೆಯಂಥ ಬಿರುಕುಗಳು ಎದ್ದವು. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಬಿಟ್ಟು ಬೇರೇನನ್ನೂ ಪೆನ್ನಿಗೆ ತೋರಿಸಬಾರದೆಂದು ಆ ರಾತ್ರಿಯೇ ನಿಶ್ಚಯಿಸಿದೆ.

ನಮ್ಮ ಪಕ್ಕದಲ್ಲಿ ವಾಚ್ ರಿಪೇರಿ ಮಾಡುವ ಚಾಚಾ ಇದ್ದಾರೆ. ಮೂರನೆಯ ದಿನ ನನ್ನ ಅವಸ್ಥೆ ನೋಡಿ ಕಣ್ಣಿಗೆ ಸಿಕ್ಕಿಸಿಕೊಳ್ಳುವ ತಮ್ಮ ಮಸೂರವನ್ನು ಕೊಟ್ಟರು. "ಮೊದಲು ನೋಡಪ್ಪ, ಆಮೇಲೆ ಕೈ ಹಾಕು" ಎಂದರು. ಒಂಬತ್ತು ವರ್ಷಗಳಿಂದ ಮಾರುತ್ತಿದ್ದ ವಸ್ತುವನ್ನು ಅಲ್ಲಿಯವರೆಗೆ ನಾನು ನೋಡಿಯೇ ಇರಲಿಲ್ಲ. ನಿಬ್ಬಿನ ನಡುವಿನ ಸೀಳು ಮೇಲಿನ ರಂಧ್ರದಿಂದ ತುದಿಯ ಕಡೆಗೆ ಕಿರಿದಾಗುತ್ತ ಬರಬೇಕು. ಟ್ಯೂಬ್‌ಲೈಟ್‌ಗೆ ಹಿಡಿದರೆ ಕೂದಲೆಳೆಯಷ್ಟು ಬೆಳಕು ಅದರಲ್ಲಿ ಕಾಣಬೇಕು. ಮೂರು ಪೆನ್ನುಗಳಲ್ಲಿ ಆ ಬೆಳಕೇ ಇರಲಿಲ್ಲ, ಸೀಳಿನ ಎರಡು ಬದಿಯ ಹಲ್ಲುಗಳು ಬಿಗಿಯಾಗಿ ಕಚ್ಚಿಕೊಂಡಿದ್ದವು. ಇನ್ನೆರಡರಲ್ಲಿ ಒಂದು ಹಲ್ಲು ಮೇಲೆ, ಇನ್ನೊಂದು ಕೆಳಗೆ. ಅಂಥ ನಿಬ್ಬು ಕಾಗದವನ್ನು ಕೆರೆಯುತ್ತದೆ, ನಾರು ಕಿತ್ತು ಸೀಳಿನೊಳಗೆ ತುಂಬಿಕೊಳ್ಳುತ್ತದೆ. ನಾವು ಶಾಲೆಯಲ್ಲಿ ಇಂಥದಕ್ಕೆಲ್ಲ ಬ್ಲೇಡ್ ಹಾಕುತ್ತಿದ್ದೆವು, ಕಲ್ಲಿನ ನೆಲಕ್ಕೆ ಉಜ್ಜುತ್ತಿದ್ದೆವು. ಬ್ಲೇಡು ಸೀಳಿನ ಒಳಬದಿಯನ್ನು ಗೀರುತ್ತದೆ. ನಿಬ್ಬಿನ ತುದಿಯಲ್ಲಿ ಬೆಸೆದಿರುವ ಗಟ್ಟಿ ಲೋಹದ ಪುಟ್ಟ ಹರಳನ್ನು ನೆಲ ಸವೆಸಿಬಿಡುತ್ತದೆ. ಅದು ಹೋದರೆ ಆ ನಿಬ್ಬಿನ ಆಯಸ್ಸು ಮುಗಿದಂತೆ. ಚಾಚಾ ತಮ್ಮ ಡಬ್ಬಿಯಿಂದ ಕಾಗದಕ್ಕಿಂತ ತೆಳುವಾದ ಹಿತ್ತಾಳೆಯ ತಗಡಿನ ತುಂಡು ತೆಗೆದುಕೊಟ್ಟರು. ಅದನ್ನು ಸೀಳಿನಲ್ಲಿ ಎರಡು ಸಲ ಮೆಲ್ಲಗೆ ಎಳೆದಾಗ ಬೆಳಕು ಕಂಡಿತು.

ಆದರೆ ಹೆಚ್ಚಿನವುಗಳ ಕಾಯಿಲೆ ನಿಬ್ಬಿನದಾಗಿರಲಿಲ್ಲ. 17ರಲ್ಲಿ ಒಂಬತ್ತು ಪೆನ್ನುಗಳಲ್ಲಿ, ನಾನು ಹಾಳು ಮಾಡಿದ ಎರಡೂ ಸೇರಿ, ನಿಬ್ಬು ಸರಿಯಾಗಿತ್ತು, ನಾಲಿಗೆ ಸರಿಯಾಗಿತ್ತು, ಇಂಕೂ ಇತ್ತು. ಬರೆಯುತ್ತಿರಲಿಲ್ಲ ಅಷ್ಟೆ. ಪ್ಲಾಸ್ಟಿಕ್ಕಿನ ನಾಲಿಗೆಯನ್ನು ಅಚ್ಚಿನಲ್ಲಿ ತಯಾರಿಸುತ್ತಾರೆ. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಬಳಸುವ ಜಿಡ್ಡು ಕೆಲವೊಮ್ಮೆ ಅದರ ಮೇಲೆಯೇ ಉಳಿದಿರುತ್ತದೆ. ಎಣ್ಣೆ ಸವರಿದ ಕಾವಲಿಯ ಮೇಲೆ ನೀರಿನ ಹನಿ ಹರಡದೆ ಉರುಳುವುದನ್ನು ದೋಸೆಯ ಊರಿನವರಾದ ನಮಗೆ ವಿವರಿಸಬೇಕಾಗಿಲ್ಲ. ಇಂಕೂ ಹಾಗೆಯೇ, ಜಿಡ್ಡಿನ ಮೇಲೆ ಹರಡದೆ ಮುದುಡಿ ನಿಲ್ಲುತ್ತದೆ. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ, ಔಷಧಿ ಅಂಗಡಿಯಿಂದ ತಂದ ಸೂಜಿಯಿಲ್ಲದ ಸಿರಿಂಜಿನಿಂದ ನಾಲಿಗೆಯೊಳಗೆ ನೀರು ನುಗ್ಗಿಸಿ, ಮತ್ತೆ ಬರಿಯ ನೀರಿನಲ್ಲಿ ಹತ್ತು ಹದಿನೈದು ಸಲ ತೊಳೆದೆ. ಉಳಿದಿದ್ದ ಏಳಕ್ಕೆ ಏಳೂ ಬರೆದವು. ಆ ರಾತ್ರಿ ನನಗಾದ ಸಂತೋಷವನ್ನು ಮನೆಗೆ ಹೋಗಿ ಹೇಳಿದರೂ ಯಾರಿಗೂ ಅರ್ಥವಾಗಲಿಲ್ಲ.

ಕಾರ್ಖಾನೆಯವರು ಈ ಪೆನ್ನುಗಳಿಗೆ ಒಳ್ಳೆಯ ಉಕ್ಕಿನ ನಿಬ್ಬನ್ನೇ ಹಾಕಿರುತ್ತಾರೆ. ಕೊನೆಯ ಹತ್ತು ನಿಮಿಷದ ಕೆಲಸವನ್ನು ಮಾತ್ರ ಬಿಟ್ಟಿರುತ್ತಾರೆ: ತೊಳೆಯುವುದು, ಬೆಳಕಿಗೆ ಹಿಡಿಯುವುದು, ಒಂದು ಪುಟ ಬರೆದು ನೋಡುವುದು. ಎಪ್ಪತ್ತು ರೂಪಾಯಿಯ ಪೆನ್ನಿಗೆ ಹತ್ತು ನಿಮಿಷ ಕೂಲಿ ಹಾಕಿದರೆ ಬೆಲೆ ಎಪ್ಪತ್ತಾಗಿ ಉಳಿಯುವುದಿಲ್ಲ, ಅದು ನನಗೂ ಗೊತ್ತು. ಆ ಹತ್ತು ನಿಮಿಷವನ್ನು ಯಾರಾದರೂ ಕೊಡಲೇಬೇಕು. ಹತ್ತನೆಯ ತರಗತಿಯ ಹುಡುಗಿ ಕೊಡಲಾರಳು, ಅವಳಿಗೆ ಅದು ಗೊತ್ತೇ ಇರುವುದಿಲ್ಲ. ಹಾಗಾದರೆ ಕೌಂಟರಿನ ಈಚೆ ಕುಳಿತವನೇ ಕೊಡಬೇಕು.

ಹಳೆಯ ಕಾಲದ ಎಬೊನೈಟ್ ನಾಲಿಗೆಯ ಪೆನ್ನುಗಳಲ್ಲಿ ಈ ತೊಂದರೆ ಇಷ್ಟಿರಲಿಲ್ಲ. ಎಬೊನೈಟ್ ಎಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು, ಇಂಕು ಅದರ ಮೈಗೆ ಚೆನ್ನಾಗಿ ಹಿಡಿಯುತ್ತದೆ. ನಿವೃತ್ತ ಮೇಷ್ಟ್ರೊಬ್ಬರು ನಮ್ಮಲ್ಲಿಗೆ ಇಂಕು ಕೊಳ್ಳಲು ಬರುತ್ತಾರೆ. ಅವರ ಜೇಬಿನಲ್ಲಿರುವುದು ರಾಜಮಹೇಂದ್ರಿಯ ರತ್ನಂ ಪೆನ್ನು, 1930ರ ದಶಕದಲ್ಲಿ ಸ್ವದೇಶಿಯ ಹುಮ್ಮಸ್ಸಿನಲ್ಲಿ ಹುಟ್ಟಿದ ಮನೆತನದ ಕೈಕೆಲಸ. ಅದನ್ನು ಕೈಗೆ ಕೊಟ್ಟಾಗಲೆಲ್ಲ ಎರಡು ಸಾಲು ಬರೆಯದೆ ಹಿಂತಿರುಗಿಸಲು ನನಗೆ ಮನಸ್ಸಾಗುವುದಿಲ್ಲ.

ಸೋರಿಕೆಯ ವಿಷಯ ಬೇರೆ. ಪೆನ್ನಿನೊಳಗಿಂದ ಇಂಕು ಹೊರಬಂದಷ್ಟೇ ಗಾಳಿ ಒಳಗೆ ಹೋಗಬೇಕು. 1884ರಲ್ಲಿ ಅಮೆರಿಕದ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದದ್ದು ಈ ಕೊಡುಕೊಳ್ಳುವಿಕೆಯನ್ನು ಹದದಲ್ಲಿಡುವ ನಾಲಿಗೆಗೆ. ಫಿಲ್ಲರಿನಿಂದ ಕೊಳವೆಗೇ ನೇರವಾಗಿ ಇಂಕು ತುಂಬುವ ಪೆನ್ನಿನಲ್ಲಿ ಇಂಕು ಮೂರನೆಯ ಒಂದು ಭಾಗಕ್ಕೆ ಇಳಿದಾಗ ಒಳಗೆ ಗಾಳಿಯೇ ಹೆಚ್ಚಾಗುತ್ತದೆ. ಅಂಗೈಯ ಬಿಸಿಗೆ ಆ ಗಾಳಿ ಹಿಗ್ಗಿ ಇಂಕನ್ನು ನೂಕುತ್ತದೆ, ಹಾಳೆಯ ಮೇಲೆ ಹನಿ ಬೀಳುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಇದು ಇನ್ನೂ ಬೇಗ. ಹಾಗಾಗಿ ಇಂಕು ಪೂರ್ತಿ ಮುಗಿಯುವವರೆಗೆ ಕಾಯಬೇಡಿ, ಮೂರನೆಯ ಒಂದು ಭಾಗ ಉಳಿದಾಗಲೇ ತುಂಬಿಸಿ ಎಂದು ಎಲ್ಲರಿಗೂ ಹೇಳುತ್ತೇನೆ. ಹರಿಹರದಿಂದ ಬಸ್ಸಿನಲ್ಲಿ ಬರುವ ಕಾಲೇಜು ಹುಡುಗರಿಗೆ, ಪೆನ್ನನ್ನು ಬ್ಯಾಗಿನಲ್ಲಿ ಮಲಗಿಸಬೇಡಿ, ನಿಬ್ಬು ಮೇಲೆ ಬರುವಂತೆ ಜೇಬಿನಲ್ಲಿಡಿ ಎನ್ನುತ್ತೇನೆ.

ತಿರುಪಿನ ಸಂದಿಯಿಂದ ಸೋರುವುದಕ್ಕೆ ಸಿಲಿಕೋನ್ ಗ್ರೀಸ್ ಬೇಕು. ನೀರು ಹೋಗದ ವಾಚುಗಳ ರಬ್ಬರ್ ಉಂಗುರಕ್ಕೆ ಹಚ್ಚುವುದೂ ಅದನ್ನೇ, ಹಾಗಾಗಿ ಅದೂ ಚಾಚಾ ಅವರಿಂದಲೇ ಸಿಕ್ಕಿತು. ವ್ಯಾಸಲೀನ್ ಹಚ್ಚುವವರಿದ್ದಾರೆ. ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಇಂಕು ಹೀರುವ ಕನ್ವರ್ಟರ್ ಇರುವ ಪೆನ್ನಾದರೆ ಅದರ ಬಾಯಿಯ ಅಳತೆ ನೋಡಲೇಬೇಕು. ಅಗ್ಗದ ಪೆನ್ನುಗಳಲ್ಲಿ 2.6 ಮಿಲಿಮೀಟರಿನದೂ ಇದೆ, 3.4 ಮಿಲಿಮೀಟರಿನದೂ ಇದೆ. ಹೊರಗಿನಿಂದ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಒಂದರದನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ ಜೇಬು ನೀಲಿಯಾಗುತ್ತದೆ. ಇನ್ನು, ನಲ್ಲಿಯನ್ನು ತಿರುಗಿಸುವಂತೆ ಬಿಗಿದು ತಿರುಪಿನ ಹತ್ತಿರವೇ ಬಿರುಕು ಬಿಟ್ಟ ಪೆನ್ನುಗಳು. ಆ 17ರಲ್ಲಿ ಅಂಥವು ಎರಡಿದ್ದವು. ಅಂಟು ಹಾಕಿ ನೋಡಿದೆ, ಎರಡು ವಾರವೂ ನಿಲ್ಲಲಿಲ್ಲ. ಈಗ ಅಂಥ ಪೆನ್ನು ತಂದವರಿಗೆ ಇದು ಮುಗಿಯಿತು ಎಂದು ನೇರವಾಗಿ ಹೇಳುತ್ತೇನೆ, ನಿಬ್ಬನ್ನು ಬಿಚ್ಚಿಟ್ಟುಕೊಳ್ಳಿ ಎನ್ನುತ್ತೇನೆ.

ಲೆಕ್ಕದಲ್ಲಿ ಒಂದು ಪೆನ್ನು ಉಳಿಯಿತು. ಅದರ ತಪ್ಪು ಪೂರ್ತಿ ನಮ್ಮ ಅಂಗಡಿಯದು. ಬಿಚ್ಚಿದರೆ ನಾಲಿಗೆಯ ಮೇಲೆ ಅರಗಿನಂಥ ಕಪ್ಪು ಪದರ ಗಟ್ಟಿಯಾಗಿ ಕುಳಿತಿತ್ತು. ಆ ಪೆನ್ನಿನ ವಿದ್ಯಾರ್ಥಿ ನಮ್ಮಲ್ಲೇ ಕಪ್ಪು ಇಂಕಿನ ಬಾಟಲಿ ಕೊಂಡಿದ್ದ, ನಮ್ಮ ಅಂಗಡಿಯ ಕೆಲಸದ ಹುಡುಗ ಡ್ರಾಯಿಂಗ್ ಇಂಕನ್ನು ಕೊಟ್ಟಿದ್ದ. ಡ್ರಾಯಿಂಗ್ ಇಂಕಿನಲ್ಲಿ ಸಾಮಾನ್ಯವಾಗಿ ಅರಗು ಬೆರೆತಿರುತ್ತದೆ. ಒಣಗಿದ ಮೇಲೆ ಅದು ನೀರಿಗೆ ಕರಗುವುದಿಲ್ಲ. ಎರಡೂ ಬಾಟಲಿಗಳನ್ನು ಒಂದೇ ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಜೋಡಿಸಿದವನು ನಾನು. ಮರುದಿನ ಬೆಳಿಗ್ಗೆ ಡ್ರಾಯಿಂಗ್ ಇಂಕು, ಸ್ಟಾಂಪ್ ಪ್ಯಾಡಿನ ಇಂಕು ಎರಡನ್ನೂ ಎದುರು ಗೋಡೆಯ ಕಪಾಟಿಗೆ ಸಾಗಿಸಿದೆ. ಆ ವಿದ್ಯಾರ್ಥಿಗೆ ನನ್ನ ಲೆಕ್ಕದಲ್ಲಿ ಹೊಸ ಪೆನ್ನು ಕೊಟ್ಟೆ. ಕಬ್ಬಿಣದ ಅಂಶವಿರುವ ಬ್ಲೂ ಬ್ಲಾಕ್ ಇಂಕು ಕೇಳುವ ದಸ್ತಾವೇಜು ಬರಹಗಾರರಿಗೂ ಈಗ ಒಂದು ಮಾತು ಹೇಳುತ್ತೇನೆ. ಬರೆದ ಮೇಲೆ ಕಪ್ಪಾಗಿ ಗಟ್ಟಿಯಾಗಿ ನಿಲ್ಲುವುದು ಅದರ ಗುಣ, ಅದು ಕಾಗದದ ಮೇಲೆ ನಡೆಯಲಿ, ಪೆನ್ನಿನೊಳಗೆ ಬೇಡ. ಹದಿನೈದು ದಿನಕ್ಕೊಮ್ಮೆ ತೊಳೆಯಿರಿ.

ತೊಳೆಯುವ ನೀರಿನ ಬಗ್ಗೆ ನನಗೆ ತಡವಾಗಿ ತಿಳಿಯಿತು. ನಮ್ಮ ಕಟ್ಟಡದಲ್ಲಿರುವುದು ಕೊಳವೆಬಾವಿಯ ಗಡಸು ನೀರು. ಕೊಡದ ತಳದಲ್ಲಿ ಬಿಳಿಯ ಪದರ ಕಟ್ಟುತ್ತದಲ್ಲ, ಅದೇ ಪದರ ನಾಲಿಗೆಯ ಸಣ್ಣ ಸಣ್ಣ ಗೆರೆಗಳಲ್ಲೂ ಕಟ್ಟುತ್ತಿತ್ತು. ತೊಳೆದಿಟ್ಟ ಪೆನ್ನು ತಿಂಗಳ ನಂತರ ಮತ್ತೆ ತಡವರಿಸಿದಾಗ ಮಸೂರದಲ್ಲಿ ನೋಡಿ ಅದು ಗೊತ್ತಾಯಿತು. ಈಗ ಕೊನೆಯ ತೊಳೆತವನ್ನು ಕುಡಿಯುವ ನೀರಿನ ಕ್ಯಾನಿನಿಂದ ತೆಗೆದ ನೀರಿನಲ್ಲೇ ಮಾಡುತ್ತೇನೆ.

ಮುಚ್ಚಳವನ್ನೂ ಪರೀಕ್ಷಿಸುತ್ತೇನೆ. ತೊಳೆದು ಒರೆಸಿದ ಮುಚ್ಚಳದ ಬಾಯಿಗೆ ತುಟಿಯಿಟ್ಟು ಊದಿದಾಗ ಗಾಳಿ ಎಲ್ಲಿಂದಲಾದರೂ ಹೊರಹೋದರೆ, ಆ ಪೆನ್ನು ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ. ಬಹಳ ಸಲ ಕ್ಲಿಪ್ಪು ಸೇರುವ ಜಾಗವೇ ದಾರಿ. ಒಳಗಿನಿಂದ ಚೂರು ಮೇಣ ಒತ್ತಿದರೆ ಸಾಕು. ಚಿತ್ರದುರ್ಗದಲ್ಲಿರುವ ನನ್ನ ತಂಗಿಗೆ ಇದನ್ನು ವಿಶೇಷವಾಗಿ ಹೇಳಿಕೊಟ್ಟಿದ್ದೇನೆ. ಜೋಗಿಮಟ್ಟಿಯ ಕಡೆಯಿಂದ ಬೀಸುವ ಆ ಒಣಗಾಳಿಗೆ ಮುಚ್ಚಳ ತೆಗೆದಿಟ್ಟು ಯೋಚಿಸುತ್ತ ಕುಳಿತರೆ, ಯೋಚನೆ ಮುಗಿಯುವಷ್ಟರಲ್ಲಿ ನಿಬ್ಬು ಒಣಗಿರುತ್ತದೆ.

ಮಾರುವ ಮೊದಲೇ ಪೆನ್ನನ್ನು ಬಿಚ್ಚಿ ತೊಳೆಯುವುದು ಮೊದಲೆಲ್ಲ ಸಾಹುಕಾರರಿಗೆ ಹಿಡಿಸಲಿಲ್ಲ. ಸೀಲು ಒಡೆದ ಪೆನ್ನನ್ನು ಜನ ಹಳೆಯದೆಂದು ತಿಳಿಯುತ್ತಾರೆ ಎಂಬುದು ಅವರ ಆತಂಕ. ಅದು ಸುಳ್ಳೇನೂ ಆಗಿರಲಿಲ್ಲ, ಇಬ್ಬರು ಮೂವರು ಕೇಳಿಯೂ ಕೇಳಿದರು. ಈಗ ಗಿರಾಕಿಯ ಎದುರಿನಲ್ಲೇ ಬಿಚ್ಚುತ್ತೇನೆ, ಏಕೆ ತೊಳೆಯುತ್ತಿದ್ದೇನೆ ಎಂದು ಹೇಳುತ್ತಲೇ ತೊಳೆಯುತ್ತೇನೆ, ಇಂಕಿನಲ್ಲಿ ಅದ್ದಿ ಅವರ ಕೈಯಿಂದಲೇ ಅವರ ಹೆಸರು ಬರೆಸುತ್ತೇನೆ. ಅವಸರದಲ್ಲಿರುವವರು ಹಾಗೆಯೇ ಒಯ್ಯುತ್ತಾರೆ. ಅವರಿಗೆ ಬಿಲ್ಲಿನ ಹಿಂದೆ ಬರೆದುಕೊಡುತ್ತೇನೆ: ಮೊದಲು ತೊಳೆಯಿರಿ, ಬಿಸಿನೀರು ಬೇಡ.

ಕಳೆದ ವಾರ ಅದೇ ಮೇಡಂ ಮತ್ತೆ ಬಂದಿದ್ದರು. ಈ ವರ್ಷ 52 ಮಕ್ಕಳು. ಸೋಮವಾರಕ್ಕೆ ಬೇಕು ಎಂದರು, ನಾನು ಗುರುವಾರದವರೆಗೆ ಸಮಯ ಕೇಳಿದೆ. ಹಿಂಬದಿಯ ಕೋಣೆಯಲ್ಲಿ ಹಳೆಯ ಪೇಪರಿನ ಮೇಲೆ 36 ನಿಬ್ಬುಗಳು ಸಾಲಾಗಿ ಒಣಗುತ್ತಿವೆ. ಉಳಿದ ಹದಿನಾರನ್ನು ನಾಳೆ ರಾತ್ರಿ ಬಿಚ್ಚಬೇಕು. ಚಾಚಾ ಮಸೂರವನ್ನು ವಾಪಸ್ ಕೇಳಿಲ್ಲ.