ಕರಗಿದ ಪಿಸ್ತಾ

ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಮುಗಿಸಿದವರು ಸಂಜೆ ಆರೂವರೆ ಹೊತ್ತಿಗೆ ನಮ್ಮ ಜೆಲಾಟೊ (ಇಟಲಿ ಶೈಲಿಯ ಐಸ್‌ಕ್ರೀಮ್) ಅಂಗಡಿಗೆ ಬರುತ್ತಾರೆ. ನಾನು ಅಲ್ಲಿ ಕೌಂಟರ್ ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ ಒಂದು ತಪ್ಪು ಮಾಡಿದೆ.

ಏಪ್ರಿಲ್ ತಿಂಗಳು, ಭಾನುವಾರ. ದಾವಣಗೆರೆ ಬಿಸಿಲು ಗೊತ್ತಲ್ವಾ, ಹೊತ್ತು ಮುಳುಗಿದರೂ ನೆಲದ ಕಾವು ಇಳಿಯುವುದಿಲ್ಲ. ಕರೆಂಟ್ ಹೋಗಿ ಎರಡು ಗಂಟೆ ಬರಲಿಲ್ಲ. ಯುಪಿಎಸ್‌ನಲ್ಲಿ ಲೈಟು, ಫ್ಯಾನು ಮಾತ್ರ ಓಡುತ್ತಿದ್ದವು. ಪಿಸ್ತಾ ಟ್ರೇ ಅಂಚಿನಲ್ಲಿ ಹಸಿರು ಹಾಲು ನಿಂತಿತ್ತು. ಮೂರು ಕಿಲೋ ಮಾಲು, ಎಸೆಯಲು ಕೈ ಬರಲಿಲ್ಲ. ಮೇಲೆ ನುಣ್ಣಗೆ ಸವರಿ ಡೀಪ್ ಫ್ರೀಜರ್‌ಗೆ ಇಟ್ಟೆ. ಬೆಳಿಗ್ಗೆ ನೋಡಿದರೆ ಹೊಸದರ ಹಾಗೇ ಕಂಡಿತು.

ಅವತ್ತು ಸಂಜೆ ದಿನಾ ಬರುವ ಅಜ್ಜ ಒಬ್ಬರು ಪಿಸ್ತಾ ಕೇಳಿದರು. ವರ್ಷಾನುಗಟ್ಟಲೆ ಬೆಣ್ಣೆ ದೋಸೆ ಹುಯ್ದ ಕೈ ಅವರದು. ಒಂದು ಚಮಚ ಬಾಯಿಗಿಟ್ಟು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಸ್ವಲ್ಪ ಹೊತ್ತು ಸುಮ್ನೆ ಕೂತರು.

'ಕರಕರ ಅನ್ನುತ್ತಲ್ಲವ್ವಾ. ಕರಗಿತ್ತಾ ಇದು?'

'ಹೌದಜ್ಜ, ನಿನ್ನೆ ಕರೆಂಟ್ ಹೋಗಿತ್ತು' ಅಂದೆ. ಗಂಟಲು ಒಣಗಿತ್ತು. ಅವರು ಕಪ್ ಕೆಳಗಿಟ್ಟು, 'ಮಕ್ಕಳು ತಿನ್ನುವುದು, ನೋಡಿಕೋ' ಎಂದಷ್ಟೇ ಹೇಳಿ ಹೋದರು.

ನಮ್ಮಲ್ಲಿ ಜೆಲಾಟೊ ಮಾಡುವ ಅಣ್ಣ ಆಮೇಲೆ ಬಿಡಿಸಿ ಹೇಳಿದರು. ಮಷಿನ್‌ನಲ್ಲಿ ತಿರುಗುತ್ತಾ ಹೆಪ್ಪುಗಟ್ಟುವಾಗ ಐಸ್ ಹರಳು ಬಹಳ ಸಣ್ಣದಾಗಿರುತ್ತದೆ, ಅದಕ್ಕೇ ಬಾಯಲ್ಲಿ ಬೆಣ್ಣೆಯಂತೆ ಜಾರುತ್ತದೆ. ಕರಗಿದ್ದನ್ನು ಹಾಗೇ ಇಟ್ಟರೆ ತಿರುಗಿಸುವವರಿಲ್ಲ. ನೀರು ನಿಧಾನವಾಗಿ ದೊಡ್ಡ ಹರಳಾಗುತ್ತದೆ. ಹರಳು 50 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ದಾಟಿದರೆ ನಾಲಿಗೆಗೆ ಗೊತ್ತಾಗಿಬಿಡುತ್ತದೆ. ಒಳಗಿನ ಗಾಳಿಯೂ ಹೋಗಿ ಗಟ್ಟಿ ಕಲ್ಲಾಗುತ್ತದೆ. ರುಚಿ ಒಂದೇ ಅಲ್ಲ, ಬೆಚ್ಚಗಾದ ಹಾಲಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಮತ್ತೆ ತಣ್ಣಗೆ ಮಾಡಿದರೆ ಸಾಯುವುದಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಈ ಮಾತು.

ಜೆಲಾಟೊ ಐಸ್‌ಕ್ರೀಮ್‌ಗಿಂತ ಮೆತ್ತಗೆ ಇರಬೇಕು ಅಂತ ಡಿಸ್‌ಪ್ಲೇಯನ್ನು ಮೈನಸ್ 12ರಿಂದ 14 ಡಿಗ್ರಿಯಲ್ಲೇ ಇಡುತ್ತೇವೆ. ಹಾಗಾಗಿ ಕರೆಂಟ್ ಹೋದರೆ ಕೈಯಲ್ಲಿ ಟೈಮ್ ಕಡಿಮೆ. ಈಗ ಕರೆಂಟ್ ಹೋದ ಕೂಡಲೇ ಟ್ರೇಗಳಿಗೆ ಮುಚ್ಚಳ ಹಾಕಿ ಡೀಪ್ ಫ್ರೀಜರ್‌ಗೆ ಸಾಗಿಸುತ್ತೇನೆ, ಬಾಗಿಲು ತೆಗೆಯುವುದಿಲ್ಲ. ಗಿರಾಕಿಗಳಿಗೆ 'ಸ್ವಲ್ಪ ಕಾಯಿರಿ' ಅನ್ನುತ್ತೇನೆ. ಅಂಚಿನಲ್ಲಿ ಹಾಲು ಕಂಡರೆ ಆ ಟ್ರೇ ಚೆಲ್ಲುತ್ತೇನೆ.

ಕಳೆದ ತಿಂಗಳು ಹಾಗೆ ಎರಡು ಟ್ರೇ ಹೋಯಿತು. ಓನರ್ ಬೈಯಲಿಲ್ಲ, ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು.